ಮೊರೆ ಮತ್ತು ಭರವಸೆ: ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯಲ್ಲಿ ಕಷ್ಟಕಾಲದ ಕ್ರೈಸ್ತ ಭಾಷೆ

ಕಷ್ಟಕಾಲದಲ್ಲಿ ದೇವರನ್ನು ನಂಬಬೇಕೆಂಬುದು ಕ್ರೈಸ್ತ ಬೋಧನೆಯ ಅತ್ಯಂತ ಪರಿಚಿತ ಮಾತುಗಳಲ್ಲಿ ಒಂದು. ಅತಿಪರಿಚಯದ ಕಾರಣದಿಂದಲೇ ಅದು ವಿಮರ್ಶೆಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ದೇವಶಾಸ್ತ್ರಜ್ಞರು ಅದನ್ನು ಸಿದ್ಧಾಂತವಾಗಿಯೂ ಸಮಾಜವಿಜ್ಞಾನಿಗಳು ಅದನ್ನು ಸಮುದಾಯಗಳ ಬದುಕುಳಿಯುವ ಉಪಾಯವಾಗಿಯೂ ಕಂಡಿದ್ದಾರೆ. ಆದರೆ ನಂಬಿಕೆ ಮೊದಲಿಗೆ ಒಂದು ಮಾತು. ಯಾರೋ ಯಾವುದೋ ಭಾಷೆಯಲ್ಲಿ, ಆ ಭಾಷೆ ತನಗೆ ಒದಗಿಸಿರುವ ಶಬ್ದಗಳಲ್ಲಿ ಮತ್ತು ಪ್ರಕಾರಗಳಲ್ಲಿ ಆಡುವ ಮಾತು. ಕಾಯಿಲೆ, ಬರ, ವಲಸೆ, ಸಾವುಗಳ ಎದುರಿನಲ್ಲಿ ಆ ಭಾಷೆ ಏನನ್ನು ಹೇಳಗೊಡುತ್ತದೆ, ಏನನ್ನು ನುಂಗಿಕೊಳ್ಳುವಂತೆ ಮಾಡುತ್ತದೆ ಎಂಬ ಪ್ರಶ್ನೆ ಸಾಹಿತ್ಯ ವಿಮರ್ಶೆಯದು. ತೆಲಂಗಾಣದ ಪಶ್ಚಿಮ ಅಂಚಿನಲ್ಲಿ, ಎರಡು ಭಾಷೆಗಳು ಒಂದೇ ಮನೆಯಲ್ಲಿ ಬದುಕುವ ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಸೀಮೆ ಮತ್ತು ಸಭೆಯ ಭಾಷೆ

ಭೀಮಾ ನದಿ ಕೃಷ್ಣೆಯನ್ನು ಸೇರುವ ತಂಗಡಿಯಿಂದ ಕೆಳಕ್ಕೆ ಹರಡಿದ ಈ ಪ್ರದೇಶದ ಆಡಳಿತದ ಚರಿತ್ರೆ ಹಲವು ಬಾರಿ ಮಗ್ಗುಲು ಬದಲಿಸಿದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮಹಬೂಬ್‌ನಗರ ಜಿಲ್ಲೆಗೆ, ಆ ಮೂಲಕ ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ ಮತ್ತು ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬ್‌ನಗರದಲ್ಲಿಯೇ ಇದ್ದವು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ರೂಪುಗೊಂಡವು. ಗಡಿರೇಖೆಗಳು ಸರಿದಾಡಿದರೂ ಮನೆಮಾತು ಅವುಗಳ ಜೊತೆಗೆ ಸರಿದಾಡಲಿಲ್ಲ. ಅಂಗಡಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ ಎಂಬ ಸ್ಥಿತಿ ಇಲ್ಲಿಯ ಎಷ್ಟೋ ಕುಟುಂಬಗಳಿಗೆ ಹೊಸತಲ್ಲ.

ಪ್ರೊಟೆಸ್ಟೆಂಟ್ ಮಿಶನ್‌ಗಳ ಚರಿತ್ರೆ ಈ ಭಾಷಾಸ್ಥಿತಿಯ ಮೇಲೆ ಮತ್ತೊಂದು ಗೆರೆಯನ್ನು ಎಳೆಯಿತು. ರಾಯಚೂರು, ಯಾದಗಿರಿಗಳ ಕಡೆ ಮೆಥಡಿಸ್ಟರು ಕನ್ನಡದಲ್ಲಿ ಕೆಲಸ ಮಾಡಿದರು. ಪಾಲಮೂರಿನ ಕಡೆ ಅಮೆರಿಕನ್ ಬ್ಯಾಪ್ಟಿಸ್ಟರು ಮತ್ತು ಅವರನ್ನು ಹಿಂಬಾಲಿಸಿದ ಮೆನೊನೈಟ್ ಬ್ರದರನ್ ಮಿಶನರಿಗಳು ತೆಲುಗಿನಲ್ಲಿ ಕೆಲಸ ಮಾಡಿದರು. 1937ರಲ್ಲಿ ಬ್ಯಾಪ್ಟಿಸ್ಟರು ಮಹಬೂಬ್‌ನಗರ ಮತ್ತು ಗದ್ವಾಲ ಕ್ಷೇತ್ರಗಳನ್ನು ಮೆನೊನೈಟರಿಗೆ ಒಪ್ಪಿಸಿದರು. ಗದ್ವಾಲ ಆಗ ಇನ್ನೂ ರಾಯಚೂರು ಜಿಲ್ಲೆಗೆ ಸೇರಿತ್ತು. ಎಂದರೆ ರಾಜ್ಯಗಳ ಭಾಷಾವಾರು ವಿಂಗಡಣೆಗೆ ಸುಮಾರು ಎರಡು ದಶಕ ಮೊದಲೇ ಆ ಊರು ಸಭೆಯ ನಕ್ಷೆಯಲ್ಲಿ ತೆಲುಗು ಸೀಮೆಯ ಭಾಗವಾಗಿತ್ತು. ಈ ಮಿಶನ್ನಿನ ಚರಿತ್ರೆಯನ್ನು ಬರೆದ ಪೀಟರ್ ಪೆನ್ನರ್ 1997ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆ ರಷ್ಯನ್ನರು, ಉತ್ತರ ಅಮೆರಿಕನ್ನರು ಮತ್ತು ತೆಲುಗರು ಎಂಬ ಮೂರು ಪಕ್ಷಗಳನ್ನು ಹೆಸರಿಸುತ್ತದೆ. ನಾಲ್ಕನೆಯ ಭಾಷಾಸಮುದಾಯವೊಂದು ಈ ಸೀಮೆಯ ಅಂಚಿನಲ್ಲಿ ಇತ್ತೆಂಬುದು ಶೀರ್ಷಿಕೆಯಿಂದ ತಿಳಿಯದು. ಇದನ್ನು ಗ್ರಂಥಕರ್ತರ ದೋಷವೆನ್ನುವುದಕ್ಕಿಂತ ಸಭೆಯ ಭಾಷೆ ಯಾವುದೆಂಬುದು ಅದಾಗಲೇ ನಿರ್ಧಾರವಾಗಿ ಹೋಗಿದ್ದುದರ ಗುರುತು ಎನ್ನುವುದು ಹೆಚ್ಚು ಸರಿ.

ಹೀಗಿರುವಾಗ ಕನ್ನಡ ಮನೆಮಾತಿನ ವಿಶ್ವಾಸಿಯೊಬ್ಬರು ಆರಾಧನೆಯಲ್ಲಿ ಒಂದು ಭಾಷೆಯನ್ನು ಕೇಳಿ, ಮಗುವಿನ ಜ್ವರದ ರಾತ್ರಿಯಲ್ಲಿ ಇನ್ನೊಂದು ಭಾಷೆಯಲ್ಲಿ ಪ್ರಾರ್ಥಿಸುವ ಸಂದರ್ಭವನ್ನು ಊಹಿಸುವುದು ಕಷ್ಟವಲ್ಲ. ಕಷ್ಟಕಾಲದ ನಂಬಿಕೆಯ ಭಾಷೆ ಯಾವುದೆಂಬ ಪ್ರಶ್ನೆಯ ಬೇರು ಅಲ್ಲಿದೆ.

ನಂಬಿಕೆ, ಭರವಸೆ, ಭಾರ

ಬೈಬಲಿನ ಕನ್ನಡ ಈ ಸೀಮೆಗೆ ದೂರದ್ದಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರವನ್ನು ಆರಂಭಿಸಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ನಡೆದ ಪರಿಷ್ಕರಣೆಗಳಲ್ಲಿ ನೆಲೆಗೊಂಡ ಪರಿಭಾಷೆಯನ್ನು ತೆಲುಗಿನ ಪರಿಭಾಷೆಯ ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲಕರವಾದ ಸಂಗತಿಗಳು ಹೊರಬೀಳುತ್ತವೆ. ಪೌಲನು ಹೆಸರಿಸುವ ಮೂರು ಗುಣಗಳಲ್ಲಿ ಮೊದಲನೆಯದಕ್ಕೆ ಪ್ರೊಟೆಸ್ಟೆಂಟ್ ಕನ್ನಡ 'ನಂಬಿಕೆ' ಎಂಬ ದೇಶ್ಯ ಶಬ್ದವನ್ನು ಆರಿಸಿಕೊಂಡಿತು. ತೆಲುಗು 'ವಿಶ್ವಾಸಮು' ಎಂಬ ತತ್ಸಮವನ್ನು ಆರಿಸಿಕೊಂಡಿತು. ಕನ್ನಡ ಕಥೋಲಿಕರ ಬಳಕೆಯಲ್ಲಿಯೂ 'ವಿಶ್ವಾಸ'ವೇ ರೂಢಿ. ಎರಡನೆಯ ಗುಣಕ್ಕೆ ಕನ್ನಡದಲ್ಲಿ 'ನಿರೀಕ್ಷೆ', ತೆಲುಗಿನಲ್ಲಿ 'ನಿರೀಕ್ಷಣ'. ಎರಡೂ ಒಂದೇ ಸಂಸ್ಕೃತ ಧಾತುವಿನಿಂದ ಬಂದವು, ಎರಡರಲ್ಲಿಯೂ ಎದುರುನೋಡುವ ಕಣ್ಣಿನ ಚಿತ್ರವಿದೆ.

ಕನ್ನಡದ ಆಡುಮಾತಿನಲ್ಲಿ 'ವಿಶ್ವಾಸ'ಕ್ಕೆ ಪ್ರೀತಿ, ಸಲಿಗೆ, ಒಡನಾಟ ಎಂಬ ಅರ್ಥಗಳೂ ಇವೆ. ತೆಲುಗು ಬೋಧನೆಯಲ್ಲಿ ಈ ಶಬ್ದ ಕೇಳಿಬಂದಾಗ ಕನ್ನಡ ಕಿವಿಗೆ ನೆರೆಹೊರೆಯ ಬೆಚ್ಚನೆಯ ಅರ್ಥವೊಂದು ಜೊತೆಗೆ ಬರುತ್ತದೆ. 'ನಂಬು' ಎಂಬ ಕ್ರಿಯಾಪದಕ್ಕೆ ಬೇರೆಯದೇ ಪರಂಪರೆ ಇದೆ. ವಚನಕಾರರಿಗೆ ನಂಬುವುದು ಮತ್ತು ನಚ್ಚುವುದು ಜೋಡಿ ಕ್ರಿಯೆಗಳು. ನಂಬದೆ ಕರೆಯುವ ಬರಿಯ ಕರೆಯನ್ನು ಬಸವಣ್ಣನವರು ಗೇಲಿ ಮಾಡಿದ್ದು ಪ್ರಸಿದ್ಧ. ಅಲ್ಲಿ ನಂಬುವುದೆಂದರೆ ಓಗೊಡುವ ಒಬ್ಬರನ್ನು ಹೆಸರು ಹಿಡಿದು ಕರೆಯುವುದು. ಕನ್ನಡ ವ್ಯಾಕರಣವೂ ಇದಕ್ಕೆ ಅನುಕೂಲವಾಗಿದೆ: ದೇವರನ್ನು ನಂಬುತ್ತೇವೆ, ಕರ್ಮಪದವಾಗಿ, ನೇರವಾಗಿ. ಬೈಬಲಿನ ಕನ್ನಡ ಇದರ ಜೊತೆಗೆ 'ದೇವರಲ್ಲಿ ನಂಬಿಕೆಯಿಡು', 'ಭರವಸವಿಡು' ಎಂಬ ರಚನೆಗಳನ್ನು ವ್ಯಾಪಕವಾಗಿ ಬಳಸಿತು. ಕ್ರಿಯೆ ನಾಮಪದವಾಯಿತು. ನಂಬಿಕೆ ಒಂದು ವಸ್ತುವಿನಂತೆ ಇಡಬಹುದಾದ, ಆದ್ದರಿಂದ ಹೆಚ್ಚು ಕಡಿಮೆ ಎಂದು ಅಳೆಯಬಹುದಾದ ಪದಾರ್ಥವಾಯಿತು. ಕಷ್ಟ ತೀರದಿದ್ದಾಗ ನಿನಗೆ ನಂಬಿಕೆ ಸಾಲದು ಎಂದು ಹೇಳುವುದು ಈ ವ್ಯಾಕರಣದಲ್ಲಿ ಸುಲಭ.

ಆದರೆ ಎರಡು ನುಡಿಗಟ್ಟುಗಳು ಕನ್ನಡ ತೆಲುಗುಗಳೆರಡಕ್ಕೂ ಸಮಾನವಾಗಿವೆ. ಒಂದು, ದೇವರ ಮೇಲೆ ಭಾರ ಹಾಕುವುದು. ತೆಲುಗರು ಭಾರಂ ವೇಯುತ್ತಾರೆ. ಇನ್ನೊಂದು, ಮೊರೆಯಿಡುವುದು. ತೆಲುಗರು ಮೊರಪೆಟ್ಟುತ್ತಾರೆ. ಈ ಎರಡನ್ನೂ ಭಾಷಾಂತರಕಾರರು ಸೃಷ್ಟಿಸಬೇಕಾಗಿರಲಿಲ್ಲ. ಜನರ ಬಾಯಲ್ಲಿ ಅವು ಮೊದಲೇ ಇದ್ದವು, ಎರಡೂ ಭಾಷೆಗಳ ಬೈಬಲ್ ಅವುಗಳನ್ನು ಬಳಸಿಕೊಂಡಿತು. ಚಿಂತೆಯ ಭಾರವನ್ನು ದೇವರ ಮೇಲೆ ಹಾಕಬೇಕೆಂಬ ಕೀರ್ತನೆಕಾರನ ಮಾತು, ಹೊಟ್ಟೆಪಾಡಿಗಾಗಿ ದೂರದೂರದ ಅಣೆಕಟ್ಟು ಕಟ್ಟಡಗಳಲ್ಲಿ ಕಲ್ಲು ಮಣ್ಣು ಹೊತ್ತ ಪಾಲಮೂರಿನ ಕೂಲಿಗಳ ನಾಡಿನಲ್ಲಿ ಅಲಂಕಾರವಾಗಿ ಮಾತ್ರ ಕೇಳಿಸದು. ಗಮನಿಸಬೇಕಾದದ್ದೆಂದರೆ ಭಾರವನ್ನು ಹಾಕಬೇಕಾದರೆ ಮೊದಲು ಅದು ಭಾರವೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವ ಆ ಮಾತೇ ಮೊರೆ. ಜನಭಾಷೆಯಲ್ಲಿ ಮೊರೆ ಮತ್ತು ಭರವಸೆ ಒಂದೇ ಕ್ರಿಯೆಯ ಎರಡು ಹೆಜ್ಜೆಗಳು. ಅವುಗಳನ್ನು ಅಗಲಿಸಿದ್ದು ಜನಭಾಷೆಯಲ್ಲ, ಮುಂದೆ ನೋಡಲಿರುವಂತೆ, ಒಂದು ಬಗೆಯ ಬೋಧನೆ.

ಉತ್ತನೂರಿನ ಎರಡು ಬಿನ್ನಹಗಳು

ಈ ಸೀಮೆಯಲ್ಲಿ ಮೊರೆಯ ಕನ್ನಡಕ್ಕೆ ಕ್ರೈಸ್ತ ಧರ್ಮಕ್ಕಿಂತ ಹಳೆಯ ಚರಿತ್ರೆ ಇದೆ. ಗದ್ವಾಲ ಪ್ರಾಂತದ ಐಜ ಬಳಿಯ ಉತ್ತನೂರು 18ನೆಯ ಶತಮಾನದ ಗೋಪಾಲದಾಸರ ನೆಲೆ. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿ, ವಿಜಯದಾಸರ ಶಿಷ್ಯರಾಗಿ, ಗೋಪಾಲವಿಠಲ ಅಂಕಿತದಲ್ಲಿ ಹಾಡಿದ ಇವರ ಹೆಸರಿನಲ್ಲಿ ಧನ್ವಂತರಿಯನ್ನು ಉದ್ದೇಶಿಸಿದ ಎರಡು ಪದಗಳು ಪ್ರಚಲಿತವಾಗಿವೆ. ಕಷ್ಟದಲ್ಲಿ ದೇವರನ್ನು ನಂಬುವ ಎರಡು ಬಗೆಗಳಿಗೆ ಅವು ಮಾದರಿಗಳಂತಿವೆ.

ಒಂದರಲ್ಲಿ ದಾಸರು ತಮಗೆ ಬಂದ ರೋಗ ಯಾವುದೆಂದು ದೇವವೈದ್ಯನನ್ನು ಕೇಳುತ್ತಾರೆ. ಕಣ್ಣಿಗೆ ಹರಿಯ ರೂಪ ಕಾಣದು, ಕಿವಿಗೆ ಅವನ ಕೀರ್ತನೆ ಕೇಳದು ಎಂಬುದೇ ಅಲ್ಲಿಯ ರೋಗಲಕ್ಷಣ. ದೇಹದ ಕಾಯಿಲೆ ಇಲ್ಲಿ ಆತ್ಮದ ಕಾಯಿಲೆಗೆ ರೂಪಕವಾಗುತ್ತದೆ. ರೂಪಕ ಪೂರ್ಣವಾಗಿದೆ, ಸುಂದರವಾಗಿದೆ. ಆದರೆ ನಿಜವಾದ ಜ್ವರ ಅದರಲ್ಲಿ ಮರೆಯಾಗುತ್ತದೆ. ಇನ್ನೊಂದು ಪದ ಹಾಗಲ್ಲ. ಸಂಪ್ರದಾಯ ಅದನ್ನು ಮಾನವಿಯ ಜಗನ್ನಾಥದಾಸರ ಪ್ರಾಣಸಂಕಟದೊಂದಿಗೆ ಜೋಡಿಸುತ್ತದೆ. ವಿಜಯದಾಸರನ್ನು ಕಡೆಗಣಿಸಿ ಉದರವ್ಯಾಧಿಗೆ ತುತ್ತಾದ ಅವರಿಗೆ ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ದಾನ ಮಾಡಿದರೆಂಬುದು ಪ್ರತೀತಿ. ಆ ಪದದಲ್ಲಿ ರೋಗ ರೂಪಕವಲ್ಲ, ರೋಗಿಯೂ ರೂಪಕವಲ್ಲ. ಎದುರಿಗೆ ನರಳುತ್ತಿರುವ ಕಿರಿಯನೊಬ್ಬನನ್ನು ತೋರಿಸಿ, ಇವನು ಸಣ್ಣವನು, ದಯಮಾಡು ಎಂದು ಹಿರಿಯನೊಬ್ಬ ಬೇಡುತ್ತಾನೆ.

ಭಕ್ತಿಸಾಹಿತ್ಯದ ಓದಿನಲ್ಲಿ ಮೊದಲನೆಯ ಪದವನ್ನು ಹೆಚ್ಚು 'ತಾತ್ವಿಕ'ವೆಂದೂ ಎರಡನೆಯದನ್ನು 'ಕಾಮ್ಯ'ವೆಂದೂ ತೂಗುವ ಪ್ರವೃತ್ತಿ ಇರಬಹುದು. ಕಷ್ಟಕಾಲದ ಭಾಷೆಯ ದೃಷ್ಟಿಯಿಂದ ಈ ತೂಕ ತಲೆಕೆಳಗಾಗಬೇಕು. ಕಾಯಿಲೆಯನ್ನು ಪಾಠವಾಗಿ ಮಾರ್ಪಡಿಸುವುದಕ್ಕಿಂತ, ಪಾಠದ ಆಸರೆಯಿಲ್ಲದೆ ಇನ್ನೊಬ್ಬರ ನೋವನ್ನು ದೇವರ ಮುಂದಿಡುವುದು ದೊಡ್ಡ ನಂಬಿಕೆ. ಅಲ್ಲಿ ನಂಬುವವನಿಗೆ ಉತ್ತರ ಮೊದಲೇ ಗೊತ್ತಿರುವುದಿಲ್ಲ.

ಈ ಪರಂಪರೆಗೂ ಕ್ರೈಸ್ತ ಕನ್ನಡಕ್ಕೂ ಸಂಬಂಧವೇ ಇರಲಿಲ್ಲವೆನ್ನಲಾಗದು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಫರ್ಡಿನೆಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸುಗಳಿಗೆ ಇಳಿಸಿದರು. ಬೈಬಲಿನ ಸ್ತೋತ್ರಗ್ರಂಥಕ್ಕೆ ಕನ್ನಡದಲ್ಲಿ 'ಕೀರ್ತನೆಗಳು' ಎಂದೂ ತೆಲುಗಿನಲ್ಲಿ 'ಕೀರ್ತನಲು' ಎಂದೂ ಹೆಸರಾಯಿತು. ಹೆಸರು ಹೊಂದಿದೆ. ದಾಸರ ಕೀರ್ತನೆಗಳಲ್ಲಿ ದೇವರನ್ನು ಹೊಗಳುವ, ಬೇಡುವ, ನಿಂದಾಸ್ತುತಿಯಲ್ಲಿ ಕೆಣಕುವ ದನಿಗಳೆಲ್ಲ ಇರುವಂತೆ ಇಬ್ರಿಯರ ಕೀರ್ತನೆಗಳಲ್ಲಿಯೂ ಅವೆಲ್ಲ ಇವೆ. ಸಮಸ್ಯೆ ಹೆಸರಿನಲ್ಲಿಲ್ಲ, ಆಯ್ಕೆಯಲ್ಲಿದೆ.

ಕೀರ್ತನೆಕಾರ ಮತ್ತು ಯೋಬ

ಹೆರ್ಮನ್ ಗುಂಕೆಲ್ ಕೀರ್ತನೆಗಳನ್ನು ಪ್ರಕಾರಗಳಾಗಿ ವಿಂಗಡಿಸಿದಾಗಿನಿಂದ ವಿದ್ವಾಂಸರು ಒಂದು ಅಂಶವನ್ನು ಮತ್ತೆ ಮತ್ತೆ ಹೇಳಿದ್ದಾರೆ: ಆ ಗ್ರಂಥದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ವ್ಯಕ್ತಿಯೊಬ್ಬನ ಪ್ರಲಾಪ. ಇಂಥ ಪ್ರಲಾಪಗಳು ಬಹುಪಾಲು ಮೊರೆಯಿಂದ ಭರವಸೆಗೆ ತಿರುಗುತ್ತವೆ. ಆದರೆ ಎಲ್ಲವೂ ತಿರುಗುವುದಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ಸಂಕಲಿಸಿದವರು ಒಂದು ಸಾಂತ್ವನದ ನುಡಿಯನ್ನು ಕೊನೆಗೆ ಸೇರಿಸಲಿಲ್ಲ. ಕತ್ತಲೆಯಲ್ಲಿ ಮುಗಿದರೂ ಅದು ದೇವರನ್ನು ಉದ್ದೇಶಿಸಿದ ಪ್ರಾರ್ಥನೆಯಾಗಿಯೇ ಉಳಿಯಿತು. ಶಿಲುಬೆಯ ಮೇಲೆ ಕ್ರಿಸ್ತನು ಕೂಗಿದ ಮಾತೂ 22ನೆಯ ಕೀರ್ತನೆಯ ಆರಂಭದ ದೂರು. ದೇವರು ತನ್ನನ್ನು ಕೈಬಿಟ್ಟದ್ದೇಕೆಂದು ಕೇಳಿದ್ದು ಕ್ರೈಸ್ತ ನಂಬಿಕೆಯ ಕೇಂದ್ರದಲ್ಲಿರುವವನೇ.

ಯೋಬನ ಗ್ರಂಥ ಇದೇ ನ್ಯಾಯವನ್ನು ಕಥೆಯಾಗಿ ಹೇಳುತ್ತದೆ. ಕನ್ನಡ ಓದುಗರಿಗೆ ಅದನ್ನು ಓದುವಾಗ ರಾಘವಾಂಕನ ಹರಿಶ್ಚಂದ್ರ ನೆನಪಾಗುವುದು ಸಹಜ. ಎರಡರಲ್ಲಿಯೂ ಮೇಲಿನ ಲೋಕದ ಸಭೆಯೊಂದರಲ್ಲಿ ನಡೆದ ವಾದಕ್ಕೆ ಕೆಳಗಿನ ಲೋಕದ ಸಜ್ಜನನೊಬ್ಬ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಎರಡರಲ್ಲಿಯೂ ಮಕ್ಕಳು ಸಾಯುತ್ತಾರೆ. ಆದರೆ ಹರಿಶ್ಚಂದ್ರನ ಹಿರಿಮೆ ಇರುವುದು ಸತ್ಯವನ್ನು ಬಿಡದೆ ನಿಂತದ್ದರಲ್ಲಿ. ಚಂದ್ರಮತಿಯ ಗೋಳು ಎದೆಯೊಡೆಯುವಂಥದ್ದಾದರೂ ಅದು ಮುಖ್ಯವಾಗಿ ಸತ್ತ ಮಗನನ್ನು ಉದ್ದೇಶಿಸಿದ್ದು. ಯೋಬನೋ ದೇವರನ್ನೇ ಎದುರು ನಿಲ್ಲಿಸಿಕೊಂಡು ವ್ಯಾಜ್ಯ ಹೂಡುತ್ತಾನೆ. ಅವನ ಮೂವರು ಗೆಳೆಯರು ದೇವರ ಪರವಾಗಿ ವಕಾಲತ್ತು ವಹಿಸಿ, ಕಷ್ಟಕ್ಕೆ ಪಾಪವೇ ಕಾರಣವೆಂದು ವಿವರಿಸುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಈ ವಕೀಲರ ಮೇಲೆ. ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪಾಗುತ್ತದೆ. ದೂರು ಹೇಳಿದವನ ಮಾತು ಸರಿಯಾದ ಮಾತೆಂದು ಧರ್ಮಗ್ರಂಥವೇ ಒಪ್ಪಿಕೊಂಡ ಮೇಲೆ ದೂರನ್ನು ಅಪನಂಬಿಕೆಯೆಂದು ಕರೆಯುವ ಬೋಧನೆ ಯಾವ ಆಧಾರದ ಮೇಲೆ ನಿಂತಿದೆ ಎಂಬುದು ಕೇಳಬೇಕಾದ ಪ್ರಶ್ನೆ.

ಹಬಕ್ಕೂಕನ ಕಿರುಗ್ರಂಥವನ್ನೂ ಇಲ್ಲಿ ನೆನೆಯಬೇಕು. ಗಿಡ ಚಿಗುರದೆ, ಹೊಲ ಬೆಳೆಯದೆ, ಹಟ್ಟಿಯಲ್ಲಿ ದನಕುರಿಗಳಿಲ್ಲದೆ ಹೋದರೂ ದೇವರಲ್ಲಿ ಉಲ್ಲಾಸಪಡುವೆನೆಂಬ ಅದರ ಕೊನೆಯ ಮಾತು ಬರದ ಸೀಮೆಯ ಸಭೆಗಳಿಗೆ ಹತ್ತಿರವಾದದ್ದು. ಆದರೆ ಆ ಗ್ರಂಥ ಆರಂಭವಾಗುವುದು ಎಷ್ಟು ಕಾಲ ಮೊರೆಯಿಟ್ಟರೂ ನೀನು ಕೇಳುತ್ತಿಲ್ಲವಲ್ಲ ಎಂಬ ಆಕ್ಷೇಪದಿಂದ. ಕೊನೆಯ ಭರವಸೆಯನ್ನು ಮೊದಲಿನ ಆಕ್ಷೇಪದಿಂದ ಕತ್ತರಿಸಿ ಓದಿದರೆ ಅದು ಭರವಸೆಯಾಗಿ ಉಳಿಯದೆ ಉಪದೇಶವಾಗುತ್ತದೆ.

ಪಾಲಮೂರಿನ ಒಂದು ಸಾವು

ಈ ಮಾತುಗಳನ್ನು ಒರೆಗೆ ಹಚ್ಚಲು ಪಾಲಮೂರು ಸೀಮೆಯಿಂದಲೇ ಬಂದ ಕಥನವೊಂದು ಒದಗುತ್ತದೆ. ಮಾನವಶಾಸ್ತ್ರಜ್ಞ ಪಾಲ್ ಹೀಬರ್ಟ್ 1932ರಲ್ಲಿ ಶಂಷಾಬಾದಿನಲ್ಲಿ, ಮೆನೊನೈಟ್ ಮಿಶನರಿ ಕುಟುಂಬದಲ್ಲಿ ಹುಟ್ಟಿದವರು. ಮಹಬೂಬ್‌ನಗರ ಜಿಲ್ಲೆಯ ಕೊಂಡೂರಿನ ಕುರಿತ ಅವರ ಗ್ರಾಮಾಧ್ಯಯನ 1971ರಲ್ಲಿ ಪ್ರಕಟವಾಯಿತು. ತಾವು ಮಿಶನರಿಯಾಗಿದ್ದಾಗ ನಡೆದ ಒಂದು ಪ್ರಸಂಗವನ್ನು ಅವರು ಬರೆದಿಟ್ಟಿದ್ದಾರೆ. ಊರಿಗೆ ಸಿಡುಬು ಬಂತು. ಮೈಸಮ್ಮನ ಕೋಪವೆಂದು ಕಣಿ ಹೇಳುವವನು ತಿಳಿಸಿದ. ಕೋಣದ ಬಲಿಗಾಗಿ ಮನೆಮನೆಯಿಂದ ವಂತಿಗೆ ಎತ್ತಿದರು. ಕ್ರೈಸ್ತರು ಕೊಡಲಿಲ್ಲ. ಅವರಿಗೆ ಬಾವಿಯೂ ಅಂಗಡಿಯೂ ಮುಚ್ಚಿದವು. ಅಷ್ಟರಲ್ಲಿ ಕ್ರೈಸ್ತರ ಮನೆಯ ಹುಡುಗಿಯೊಬ್ಬಳಿಗೇ ಕಾಯಿಲೆ ತಗಲಿತು. ಸಭೆಯ ಹಿರಿಯರೊಬ್ಬರು ಮಿಶನರಿಯ ಬಳಿಗೆ ಬಂದರು, ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದರು. ವಾರದೊಳಗೆ ಮಗು ತೀರಿಕೊಂಡಿತು. ಮಿಶನರಿ ತಾನು ಸೋತೆನೆಂದು ಕುಸಿದರು. ಕೆಲವು ವಾರಗಳ ಬಳಿಕ ಅದೇ ಹಿರಿಯರು ಸಂತೋಷದಿಂದ ಬಂದರು. ಮಗು ಬದುಕಿದ್ದರೆ ಊರವರು ದೇವರ ಶಕ್ತಿಯನ್ನು ಒಪ್ಪುತ್ತಿದ್ದರು, ಆದರೆ ಅವಳು ಎಂದಾದರೂ ಸಾಯಲೇಬೇಕೆಂಬುದು ಅವರಿಗೂ ಗೊತ್ತು. ಶವಸಂಸ್ಕಾರದಲ್ಲಿ ಕ್ರೈಸ್ತರ ಪುನರುತ್ಥಾನದ ನಿರೀಕ್ಷೆಯನ್ನು ಕಂಡ ಮೇಲೆ ಸಾವನ್ನೇ ಗೆದ್ದ ಮಾರ್ಗವೊಂದಿದೆಯೆಂದು ವಿಚಾರಿಸತೊಡಗಿದ್ದಾರೆ ಎಂಬುದು ಆ ಹಿರಿಯರ ವಿವರಣೆ.

ಈ ಕಥನದ ಬಲ ಸ್ಪಷ್ಟವಾಗಿದೆ. ವಾಸಿಯಾಗುವುದಕ್ಕೆ ಕಟ್ಟುಬಿದ್ದ ನಂಬಿಕೆ ಮಿಶನರಿಯದು. ವಾಸಿಯಾಗದಿದ್ದರೂ ನಿಲ್ಲುವ ನಂಬಿಕೆ ಹಳ್ಳಿಯ ಹಿರಿಯರದು. ಕಲಿಸಲು ಬಂದವನು ಕಲಿತವನಾದ. ಹೀಬರ್ಟ್ 1982ರಲ್ಲಿ ಪ್ರಕಟಿಸಿದ, ಕೈಬಿಟ್ಟ ನಡುವಿನ ಸ್ತರವನ್ನು ಕುರಿತ ಪ್ರಸಿದ್ಧ ಲೇಖನಕ್ಕೂ ಇಂಥ ಅನುಭವಗಳಿಗೂ ನಂಟಿದೆ. ಪಾಶ್ಚಾತ್ಯ ಮಿಶನರಿಯ ಬಳಿ ಸೃಷ್ಟಿ ಮೋಕ್ಷಗಳಂಥ ಅಂತಿಮ ಪ್ರಶ್ನೆಗಳಿಗೆ ದೇವಶಾಸ್ತ್ರವಿತ್ತು, ರೋಗ ಬೆಳೆಗಳಿಗೆ ವಿಜ್ಞಾನವಿತ್ತು. ಆದರೆ ಈ ಮಗುವಿಗೆ ಈಗಲೇ ಏಕೆ ಬಂತು, ಮಳೆ ಈ ವರ್ಷವೇ ಏಕೆ ತಪ್ಪಿತು ಎಂದು ಹಳ್ಳಿಗರು ಕೇಳುವ ನಡುವಿನ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ ಎಂಬುದು ಅದರ ಸಾರ.

ಕಥನದ ಮಿತಿಯನ್ನೂ ಹೇಳಬೇಕು. ಅದರಲ್ಲಿ ಮೂರು ದನಿಗಳಿವೆ: ಊರಿನದು, ಹಿರಿಯರದು, ಮಿಶನರಿಯದು. ನಾಲ್ಕನೆಯದಾಗಿ ಕೇಳಬೇಕಾಗಿದ್ದ ತಾಯಿಯ ದನಿ ಇಲ್ಲ. ಮಗುವಿನ ಸಾವು ಕೊನೆಗೆ ಗೆಲುವಾಗಿ ಮಾರ್ಪಡುತ್ತದೆ. ವಾಸಿಯಾಗುವಿಕೆಯ ಗೆಲುವನ್ನು ಬಿಟ್ಟುಕೊಟ್ಟ ಕಥನ ಸಾಕ್ಷಿಯ ಗೆಲುವನ್ನು ಬಿಟ್ಟುಕೊಡುವುದಿಲ್ಲ. ಹಿರಿಯರ ಮಾತು ಪ್ರಾಮಾಣಿಕವಲ್ಲವೆಂದು ಇದರರ್ಥವಲ್ಲ. ಒತ್ತಡದಲ್ಲಿದ್ದ ಪುಟ್ಟ ಸಮುದಾಯವೊಂದಕ್ಕೆ ಆ ಮಾತು ಪ್ರಾಣವಾಯು. ಆದರೆ ಅದೇ ರಾತ್ರಿ ಅದೇ ಮನೆಯಲ್ಲಿ 88ನೆಯ ಕೀರ್ತನೆಯಂಥ ಮಾತೊಂದು ಹುಟ್ಟಿರಬೇಕು. ಅದು ದಾಖಲಾಗಲಿಲ್ಲ. ದಾಖಲಾದದ್ದು ಇಂಗ್ಲಿಷಿನಲ್ಲಿ, ತೆಲುಗಿನಿಂದ, ಸಭೆಯ ಮುಖಂಡರ ಮೂಲಕ. ತಾಯಿ ಅತ್ತ ಭಾಷೆಯಿಂದ ಬರಹಕ್ಕೆ ಬರುವಷ್ಟರಲ್ಲಿ ಎಷ್ಟೊಂದು ಜರಡಿಗಳಿವೆ ಎಂಬುದಕ್ಕೆ ಇದೊಂದು ನಿದರ್ಶನ.

ಸಾಕ್ಷಿಯ ವ್ಯಾಕರಣ

ಸಭೆಗಳಲ್ಲಿ ಕಷ್ಟವನ್ನು ಕುರಿತು ಮಾತಾಡಲು ಸಾಮಾನ್ಯ ಸದಸ್ಯರಿಗೆ ಸಿಕ್ಕುವ ಮುಖ್ಯ ಪ್ರಕಾರ 'ಸಾಕ್ಷಿ'. ಇದನ್ನು ಒಂದು ಮೌಖಿಕ ಸಾಹಿತ್ಯ ಪ್ರಕಾರವಾಗಿ ಪರಿಶೀಲಿಸುವುದು ಉಚಿತ. ಅದರ ಕಟ್ಟು ಪರಿಚಿತ: ಕಷ್ಟ ಬಂತು, ವೈದ್ಯರು ಕೈಬಿಟ್ಟರು, ಪ್ರಾರ್ಥಿಸಿದೆವು, ದೇವರು ಬಿಡಿಸಿದರು. ಕ್ರಿಯಾಪದಗಳೆಲ್ಲ ಭೂತಕಾಲದಲ್ಲಿವೆ. ಕಷ್ಟ ಮುಗಿದ ಮೇಲಷ್ಟೇ ಅದು ಮಾತಾಗಲು ಅರ್ಹವಾಗುತ್ತದೆ. ಪ್ರಲಾಪದ ಕ್ರಿಯಾಪದ ವರ್ತಮಾನದಲ್ಲಿರುತ್ತದೆ, ಅದರ ವಾಕ್ಯ ಹೆಚ್ಚಾಗಿ ಪ್ರಶ್ನೆಯಾಗಿರುತ್ತದೆ. ಸಾಕ್ಷಿಯು ಸಭೆಯನ್ನು ಉದ್ದೇಶಿಸಿ ದೇವರ ಬಗ್ಗೆ ಹೇಳುತ್ತದೆ, ಪ್ರಲಾಪವು ದೇವರನ್ನು ಉದ್ದೇಶಿಸಿ ತನ್ನ ಬಗ್ಗೆ ಹೇಳುತ್ತದೆ.

ಸಾಕ್ಷಿಗೆ ತನ್ನದೇ ಘನತೆ ಇದೆ. ಊರಿನ ಬೇರಾವ ವೇದಿಕೆಯಲ್ಲಿಯೂ ಮಾತಿಗೆ ಅವಕಾಶವಿಲ್ಲದವರು, ಅವರಲ್ಲಿಯೂ ದಲಿತ ಹೆಂಗಸರು, ಎದ್ದು ನಿಂತು ತಮ್ಮ ಬಾಳನ್ನು ತಾವೇ ನಿರೂಪಿಸಲು ಅದು ಎಡೆಮಾಡಿಕೊಟ್ಟಿತು. ಆ ಕಾರಣಕ್ಕೆ ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅದೊಂದೇ ಪ್ರಕಾರವಾಗಿ ಉಳಿದಾಗ, ಕಷ್ಟ ಇನ್ನೂ ಮುಗಿಯದವರು ಮೂಕರಾಗುತ್ತಾರೆ. ಮಗನನ್ನು ಕಳೆದುಕೊಂಡವರು, ಮುಂಬಯಿಗೆ ದುಡಿಯಲು ಹೋದ ಗಂಡ ಹಿಂತಿರುಗದವರು, ಸಾಲ ತೀರದವರು ಹೇಳುವ ಕಥೆಗೆ ಕೊನೆಯ ವಾಕ್ಯವಿಲ್ಲ. ಆದ್ದರಿಂದ ಅವರಿಗೆ ಕಥೆಯೇ ಇಲ್ಲವೆಂಬಂತಾಗುತ್ತದೆ. ವಾಲ್ಟರ್ ಬ್ರೂಗಮನ್ 1986ರ ಪ್ರಬಂಧವೊಂದರಲ್ಲಿ ಪ್ರಲಾಪದ ನಷ್ಟ ದುಬಾರಿಯಾದ ನಷ್ಟವೆಂದು ವಾದಿಸಿದರು. ದೂರು ಹೇಳುವ ಹಕ್ಕು ಇಲ್ಲದ ಸಂಬಂಧದಲ್ಲಿ ಹೊಗಳಿಕೆಗೆ ಬೆಲೆಯಿರುವುದಿಲ್ಲ, ನ್ಯಾಯದ ಪ್ರಶ್ನೆಯೂ ಅದರೊಂದಿಗೆ ಸಾಯುತ್ತದೆ ಎಂಬುದು ಅವರ ಆತಂಕ. ದ್ವಿಭಾಷಿಕ ಗಡಿಸೀಮೆಯಲ್ಲಿ ಈ ನಷ್ಟಕ್ಕೆ ಇನ್ನೊಂದು ಪದರವಿದೆ. ಸಾಕ್ಷಿ ಸಭೆಯ ಭಾಷೆಯಲ್ಲಿ ನಡೆಯುತ್ತದೆ. ಮೊರೆ ಮನೆಯ ಭಾಷೆಯಲ್ಲಿ ಉಳಿಯುತ್ತದೆ. ಮೊರೆಯನ್ನು ಸಭೆಯಿಂದ ಹೊರಗಿಡುವುದು, ಎಷ್ಟೋ ಮನೆಗಳ ಮಟ್ಟಿಗೆ, ಕನ್ನಡವನ್ನೇ ಹೊರಗಿಟ್ಟಂತೆ.

ಕಷ್ಟಕ್ಕೆ ಕಾರಣ ಯಾರು

ನ್ಯಾಯದ ಪ್ರಶ್ನೆ ಇಲ್ಲಿ ಅಮೂರ್ತವಾದದ್ದಲ್ಲ. ಕಷ್ಟದಲ್ಲಿ ಹುಟ್ಟಿದ ಕ್ರೈಸ್ತ ನಂಬಿಕೆಯನ್ನು ಸಂಶಯದಿಂದ ನೋಡುವ ಅಭ್ಯಾಸ ತೆಲುಗು ನಾಡಿನಲ್ಲಿ ಕನಿಷ್ಠ 1876–78ರ ಮಹಾಕ್ಷಾಮದಷ್ಟು ಹಳೆಯದು. ಒಂಗೋಲಿನ ಬ್ಯಾಪ್ಟಿಸ್ಟ್ ಮಿಶನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಅಗೆತದ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಒದಗಿಸಿದರು. ಗಂಜಿಗಾಗಿ ಬಂದವರೆಂಬ ಅಪವಾದ ಬಾರದಿರಲೆಂದು ಕ್ಷಾಮಕಾಲದಲ್ಲಿ ದೀಕ್ಷಾಸ್ನಾನವನ್ನೇ ನಿಲ್ಲಿಸಿದ್ದರು. ಮತ್ತೆ ಆರಂಭಿಸಿದಾಗ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಹಸಿದವನ ನಂಬಿಕೆ ನಿಜವಾದದ್ದೇ ಎಂದು ಹೊಟ್ಟೆ ತುಂಬಿದವರು ಪರೀಕ್ಷಿಸುವ ಪರಿಪಾಠ ಅಲ್ಲಿಗೆ ನಿಲ್ಲಲಿಲ್ಲ.

ಪಾಲ್ ವೀಬೆ 1988ರಲ್ಲಿ ಮಹಬೂಬ್‌ನಗರದ ಮೆನೊನೈಟರ ಕುರಿತು ಪ್ರಕಟಿಸಿದ ಅಧ್ಯಯನ ನೆನಪಿಸುವಂತೆ, ಈ ಸೀಮೆಯ ಕ್ರೈಸ್ತರಲ್ಲಿ ಬಹುಪಾಲು ದಲಿತ ಹಿನ್ನೆಲೆಯವರು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಆಂಧ್ರ ತೆಲಂಗಾಣಗಳಲ್ಲಿ ದಕ್ಕಿದ್ದು ಹಿಂದುಳಿದ ವರ್ಗಗಳ ಪಟ್ಟಿಯ 'ಸಿ' ಗುಂಪಿನ ಶೇ. 1ರ ಮೀಸಲಾತಿ. ಕೇರಿ ಅದೇ, ಜಾತಿಯ ಅವಮಾನ ಅದೇ, ಬದಲಾದದ್ದು ದಾಖಲೆಯ ಕಾಲಮ್ಮು ಮಾತ್ರ. ಇಂಥ ಕಷ್ಟವನ್ನು ದೇವರು ಒಡ್ಡಿದ ಪರೀಕ್ಷೆಯೆಂದು ಬೋಧಿಸಿದರೆ, ಮನುಷ್ಯರು ಮಾಡಿದ ಕಾನೂನಿನ ಹೊಣೆಯನ್ನು ದೇವರ ತಲೆಗೆ ಕಟ್ಟಿದಂತಾಗುತ್ತದೆ. ಇದು ಭಾರ ಹಾಕುವುದರ ವಿಕೃತ ರೂಪ. ಭಕ್ತನು ತನ್ನ ಭಾರವನ್ನು ದೇವರ ಮೇಲೆ ಹಾಕುವುದು ನಂಬಿಕೆ, ಸಮಾಜವು ತನ್ನ ಹೊಣೆಯನ್ನು ದೇವರ ಮೇಲೆ ಹಾಕುವುದು ನುಣುಚಾಟ. ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಪ್ರಲಾಪದ ಪರಂಪರೆ ಕೊಡುತ್ತದೆ. ಕೀರ್ತನೆಕಾರನು ದೇವರಿಗೆ ಮೊರೆಯಿಡುವಾಗ ತನ್ನನ್ನು ಹಿಂಡುವ ಶತ್ರುಗಳನ್ನು ಮರೆಯುವುದಿಲ್ಲ, ಅವರು ಮಾಡಿದ್ದನ್ನು ಎಣಿಸಿ ಹೇಳುತ್ತಾನೆ.

ಈ ಓದಿನಿಂದ ಅಧ್ಯಯನಕ್ಕೆ ಹೊರಡುವ ಕೆಲಸ ಸಣ್ಣದಲ್ಲ. ಗಡಿಸೀಮೆಯ ಕನ್ನಡವನ್ನು ಕುರಿತ ಕ್ಷೇತ್ರಕಾರ್ಯ ಬಹುಮಟ್ಟಿಗೆ ಶಾಲೆ, ಶಾಸನ, ಜಾನಪದ ಗೀತೆಗಳ ಸುತ್ತ ನಡೆಯುತ್ತದೆ. ಪ್ರಾರ್ಥನೆಯ ಕನ್ನಡ, ಅದರಲ್ಲಿಯೂ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರ ಪ್ರಾರ್ಥನೆಯ ಕನ್ನಡ, ಸಂಗ್ರಹಕ್ಕೆ ಅರ್ಹವೆಂದು ಒಪ್ಪಿಕೊಳ್ಳಬೇಕು. ಅದನ್ನು ಸಂಗ್ರಹಿಸುವವರು ಮುಗಿದ ಕಷ್ಟಗಳ ಸಾಕ್ಷಿಗಳನ್ನಷ್ಟೇ ಕೇಳಿಕೊಂಡು ಬರಬಾರದು. ಯಾವ ಮಾತನ್ನು ಸಭೆಯಲ್ಲಿ ಆಡಲಿಲ್ಲ, ಯಾವ ಭಾಷೆಯಲ್ಲಿ ಆಡಲಿಲ್ಲ ಎಂದೂ ಕೇಳಬೇಕು. ಉತ್ತನೂರಿನ ದಾಸರ ಬಿನ್ನಹವನ್ನೂ ಯೋಬನ ದೂರನ್ನೂ ಪಾಲಮೂರಿನ ತಾಯಿಯ ಕೇಳಿಸದ ಅಳುವನ್ನೂ ಒಂದೇ ಸಾಲಿನಲ್ಲಿಟ್ಟು ಓದಬಲ್ಲ ವಿಮರ್ಶೆಗೆ, ನಂಬಿಕೆಯ ಗಟ್ಟಿತನ ದೂರಿಲ್ಲದಿರುವುದರಲ್ಲಿ ಕಾಣಿಸದು. ದೂರನ್ನು ಹೇಳಿಕೊಳ್ಳಲು ತಕ್ಕವನೆಂದು ದೇವರನ್ನೇ ಹುಡುಕಿಕೊಂಡು ಹೋಗುವುದರಲ್ಲಿ ಅದು ಕಾಣಿಸುತ್ತದೆ. ಕನ್ನಡವೂ ತೆಲುಗೂ ಇದಕ್ಕೆ ಬೇಕಾದ ಮಾತನ್ನು ಬಹಳ ಹಿಂದೆಯೇ ಸಿದ್ಧವಾಗಿಟ್ಟಿವೆ. ಆ ಮಾತಿಗೆ ಸಭೆಯಲ್ಲಿ ಎಡೆ ಸಿಕ್ಕುವುದೇ ಎಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ.